ಕಳವಾದಿಂದ ಚೀನಾಕ್ಕೆ ಒಂದೇ ಟಿಕೆಟ್ಟು!

ಒಂದು ಪಂದ್ಯ ಕಟ್ಟೋಣವೇ?

ಕಳವಾ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹತ್ತಿ. ಫಾಸ್ಟ್ ಗಾಡಿ ನಮಗೆಲ್ಲಿ ನಿಲ್ಲುತ್ತದೆ! ಖಾಡಿ ದಾಟಲಿ, ಥಾಣೆ ಹೋಗಲಿ, ಕುರ್ಲಾ ಹೋಗಲಿ, ದಾದರ್ ಹೋಗಲಿ, ನೀವು ಏಳಬೇಡಿ. ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿಯಿರಿ. ಮೆಟ್ಟಿಲೇರಿ ಮೇಲಿನ ಪ್ಲಾಟ್‌ಫಾರ್ಮಿಗೆ ಹೋಗಿ ಹಾರ್ಬರ್ ಗಾಡಿ ಹಿಡಿಯಿರಿ. ಮುಂದಿನ ಸ್ಟೇಷನ್ನೇ ಡಾಕ್‌ಯಾರ್ಡ್ ರೋಡ್. ಹೊರಗೆ ಬಂದು ನವಾಬ್ ಟ್ಯಾಂಕ್ ರೋಡ್ ಯಾವುದೆಂದು ಕೇಳಿಕೊಂಡು ನಡೆಯಿರಿ.

ಈಗ ಹೇಳಿ. ಎಲ್ಲಿಗೆ ಬಂದಿರಿ?

ಮಝಗಾಂವ್‌ಗೆ ಅಂತೀರಾ? ಅಷ್ಟಕ್ಕೆ ಯಾರು ಪಂದ್ಯ ಕಟ್ಟುತ್ತಾರೆ! ಬಂದರು, ಹಡಗುಕಟ್ಟೆ, ಗೋದಾಮು ಇವೆಲ್ಲ ಎಲ್ಲರಿಗೂ ಗೊತ್ತು. ಇನ್ನೊಮ್ಮೆ ಊಹಿಸಿ.

ಆಗಲಿಲ್ಲವೇ? ಹೇಳಿಯೇ ಬಿಡುತ್ತೇನೆ. ನೀವೀಗ ನಿಂತಿರುವುದು ದಕ್ಷಿಣ ಚೀನಾದ ನಾಲ್ಕು ತಾಲೂಕುಗಳ ಜನ ಸೇರಿ ಕಟ್ಟಿಕೊಂಡ ಮನೆಯ ಎದುರು! ಅವರ ಊರವರ ಮನೆ, ಅವರ ದೇವರ ಮನೆ, ಪರದೇಶದಲ್ಲಿ ಅವರಿಗಿದ್ದ ಒಂದೇ ಒಂದು ತಮ್ಮ ಮನೆ. ಹೆಸರು ಸೀ ಯುಪ್ ಕೂನ್. ಕಟ್ಟಿದ್ದು 1919ರಲ್ಲಿ. ನೂರು ವರ್ಷ ದಾಟಿಹೋಯಿತು!

ಮುಂಬಯಿಯಲ್ಲಿ ಎರಡು ತಲೆಮಾರು ಕಳೆದ ಕನ್ನಡಿಗರನ್ನು ಕೇಳಿ ನೋಡಿದೆ. ಡಾಕ್‌ಯಾರ್ಡ್ ರೋಡಿನಲ್ಲಿ ಹತ್ತಿ ಇಳಿದವರನ್ನೂ ಕೇಳಿದೆ. "ಅಲ್ಲಿ ಚೀನೀ ಮನೆಯಾ? ಎಲ್ಲಿ?" ಎಂದು ನನ್ನನ್ನೇ ತಿರುಗಿ ಕೇಳಿದರು!

ಅವರ ತಪ್ಪೇನೂ ಅಲ್ಲ. ಹೊರಗಿನಿಂದ ನೋಡಿದರೆ ಹಳೇ ಮುಂಬಯಿಯ ಸಾದಾ ಕಟ್ಟಡ. ಸೊಂಡಿಲೆತ್ತಿದ ಹಾಗೆ ಬಾಗಿದ ಮಾಡು ಇಲ್ಲ. ಮಾಡಿನ ಮೇಲೆ ಡ್ರ್ಯಾಗನ್ ಇಲ್ಲ. ಅಕ್ಕಪಕ್ಕದ ಮನೆಗಳ ನಡುವೆ ತಾನೂ ಒಂದು ಎಂಬಂತೆ ನಿಂತಿದೆ. ಚೀನಾ ಶುರುವಾಗುವುದು ಬಾಗಿಲಿನಿಂದ! ಮೆಟ್ಟಿಲು ಹತ್ತಿ ದೇವರ ಕೋಣೆಗೆ ಕಾಲಿಟ್ಟಿರೋ, ಮುಂಬಯಿ ಮಾಯ! ಕೆಂಪು. ಬಂಗಾರ. ಧೂಪದ ಹೊಗೆ. ಮೇಲಿಂದ ಕೆಳಕ್ಕೆ ಇಳಿಯುವ ಅಕ್ಷರಗಳು.

ಆ ಕೆಂಪು ಬಂಗಾರದ ನಡುವೆ ಕುಳಿತವನು ಯಾರು?

ಬುದ್ಧ ಅಂದುಕೊಂಡಿರಿ ತಾನೇ? ಅಲ್ಲ!

ಅವನೊಬ್ಬ ಸೈನಿಕ! ಹೌದು, ಮನುಷ್ಯನೇ. ಇತಿಹಾಸದಲ್ಲಿ ಇದ್ದವನು, ಕತ್ತಿ ಹಿಡಿದವನು, ಸೆರೆ ಸಿಕ್ಕವನು, ತಲೆ ಕಡಿಸಿಕೊಂಡವನು. ಹೆಸರು ಗ್ವಾನ್ ಯು. ಇಲ್ಲಿಯವರ ಬಾಯಲ್ಲಿ ಕ್ವಾನ್ ಕುಂಗ್. ಹಾನ್ ಸಾಮ್ರಾಜ್ಯ ಕುಸಿದು ಬೀಳುತ್ತಿದ್ದ ಕಾಲದ ದಂಡನಾಯಕ, 220ರ ಸುಮಾರಿಗೆ ಸತ್ತವನು. ಕೆಂಪು ಮುಖ, ಎದೆಯ ತನಕ ಇಳಿದ ಗಡ್ಡ.

ಅವನ ತೋಳಿಗೆ ಒಮ್ಮೆ ಬಾಣ ನೆಟ್ಟಿತಂತೆ. ವಿಷದ ಬಾಣ. ವಿಷ ಎಲುಬಿಗಿಳಿದಿತ್ತು. ತೋಳು ಸೀಳಿ ಎಲುಬು ಕೆರೆಯಬೇಕು ಎಂದ ವೈದ್ಯ. ಮಂಪರಿನ ಮದ್ದು ಇಲ್ಲ. ಇವನೇನು ಮಾಡಿದ ಗೊತ್ತೇ? ತೋಳನ್ನು ಚಾಚಿ ಕೊಟ್ಟು, ಜೊತೆಗಾರರ ಜೊತೆ ಉಣ್ಣುತ್ತ, ಕುಡಿಯುತ್ತ, ನಗುತ್ತ ಕುಳಿತ! ರಕ್ತ ತಟ್ಟೆ ತುಂಬಿ ಹರಿಯುತ್ತಿತ್ತು. ಇದು ಬರೀ ಕಟ್ಟುಕತೆಯಲ್ಲ, ಚೀನಾದ ಹಳೆಯ ಇತಿಹಾಸ ಗ್ರಂಥದಲ್ಲೇ ಬರೆದಿರುವ ಪ್ರಸಂಗ.

ಸತ್ತ ಮೇಲೆ ಅವನ ಬಡ್ತಿ ಶುರುವಾಯಿತು. ಒಬ್ಬೊಬ್ಬ ದೊರೆಯೂ ಒಂದೊಂದು ಬಿರುದು ಸೇರಿಸುತ್ತ ಹೋದ. ಕೊನೆಗೆ 1614ರಲ್ಲಿ ಮಿಂಗ್ ಚಕ್ರವರ್ತಿಯೊಬ್ಬ ಇವನಿಗೂ ಚಕ್ರವರ್ತಿಯ ಪದವಿ ಕೊಟ್ಟುಬಿಟ್ಟ! ಸತ್ತು 1,394 ವರ್ಷವಾದ ಮೇಲೆ ಪಟ್ಟ! ಲೋಕದಲ್ಲಿ ಯಾವ ದಂಡನಾಯಕನಿಗೆ ಇಷ್ಟು ದೀರ್ಘ ಬಡ್ತಿ ಸಿಕ್ಕಿದೆ, ಹೇಳಿ?

ಇನ್ನೂ ಒಂದಿದೆ. ಹಾಂಗ್‌ಕಾಂಗಿನ ಪೊಲೀಸ್ ಠಾಣೆಗಳಲ್ಲಿ ಇವನ ಗುಡಿ ಇರುತ್ತದೆ. ಪೊಲೀಸರು ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಆ ಪೊಲೀಸರು ಹಿಡಿಯಲು ಓಡಾಡುತ್ತಾರಲ್ಲ, ಭೂಗತ ಲೋಕದ ತಂಡಗಳು, ಅವರು ಪ್ರಮಾಣ ಮಾಡುವುದು ಯಾರ ಮುಂದೆ?

ಇವನ ಮುಂದೆಯೇ!

ಕೊಟ್ಟ ಮಾತಿಗೆ ತಪ್ಪದವನು ಎಂಬ ಒಂದೇ ಕಾರಣಕ್ಕೆ. ವ್ಯಾಪಾರಿಗಳಿಗೂ ಇವನೇ ಬೇಕು, ಸೈನಿಕರಿಗೂ ಇವನೇ. ಊರು ಬಿಟ್ಟು ಹಡಗು ಹತ್ತಿದವರಿಗಂತೂ ಇವನೇ ಬೇಕು. ಗುರುತಿಲ್ಲದ ನಾಡಿನಲ್ಲಿ ಮಾತಿಗೆ ತಪ್ಪದವನೊಬ್ಬ ಜೊತೆಗಿದ್ದರೆ ಅದಕ್ಕಿಂತ ದೊಡ್ಡ ಆಸ್ತಿ ಏನಿದೆ!

ನನ್ನ ಜೊತೆ ಬಂದಿದ್ದ ಮುಲ್ಕಿ ಕಡೆಯ ಹಿರಿಯಕ್ಕ ಈ ಕತೆಯನ್ನೆಲ್ಲ ಕೇಳಿಸಿಕೊಂಡರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಇದು ನಮ್ಮ ಗರಡಿಯ ಹಾಗೆಯೇ ಉಂಟಲ್ಲ ಮಾರಾಯ್ರೇ! ಕೋಟಿ ಚೆನ್ನಯರೂ ಹಾಗೆಯೇ ಅಲ್ವಾ? ಯುದ್ಧದಲ್ಲಿ ಸತ್ತರು, ದೈವ ಆದರು."

ನಾನು ಅಲ್ಲೇ ನಿಂತುಬಿಟ್ಟೆ. ಎಷ್ಟು ಸರಿಯಾದ ಮಾತು! ಸತ್ಯಕ್ಕೆ ನಿಂತು ಕಾದಾಡಿ ಸತ್ತ ವೀರರು ಗರಡಿಯಲ್ಲಿ ಆರಾಧನೆಗೊಳ್ಳುವುದನ್ನು ಬಾಲ್ಯದಿಂದ ಕಂಡವರಿಗೆ ಕ್ವಾನ್ ಕುಂಗನನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಅವನ ಮುಂದೆ ಪ್ರಶ್ನೆ ಕೇಳುವ ಕ್ರಮವನ್ನೂ ಹೇಳಬೇಕು. ಬಿದಿರಿನ ಒಂದು ಅಂಡೆ, ಅದರೊಳಗೆ ತೆಳ್ಳಗಿನ ಕಡ್ಡಿಗಳು, ಪ್ರತಿ ಕಡ್ಡಿಗೂ ಒಂದು ಸಂಖ್ಯೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಅಂಡೆಯನ್ನು ಓರೆ ಮಾಡಿ ಕುಲುಕಬೇಕು. ಕುಲುಕಿ, ಕುಲುಕಿ, ಒಂದೇ ಒಂದು ಕಡ್ಡಿ ಹೊರಗೆ ಬೀಳಬೇಕು. ಎರಡು ಬಿದ್ದರೆ ಮೊದಲಿಂದ ಶುರು! ಬಿದ್ದ ಕಡ್ಡಿಯ ಸಂಖ್ಯೆಗೆ ತಕ್ಕ ಚೀಟಿಯಲ್ಲಿ ಉತ್ತರ ಇರುತ್ತದೆ. ದೇವರ ಮುಂದೆ ಹೂವಿಟ್ಟು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ಉಸಿರು ಹಿಡಿದು ಕಾಯುವ ನಮಗೆ ಇದನ್ನು ಯಾರು ಹೇಳಿಕೊಡಬೇಕು?

ಇರಲಿ, ಈ ನಾಲ್ಕು ತಾಲೂಕಿನವರು ಯಾರು? ಅದಕ್ಕೆ ಬರೋಣ. ಇಲ್ಲಿಂದ ಕತೆ ಲೋಕದ ಉದ್ದಗಲ ಹಬ್ಬುತ್ತದೆ!

ಗ್ವಾಂಗ್‌ಡಾಂಗ್ ಪ್ರಾಂತ್ಯ, ಪರ್ಲ್ ನದಿಯ ಮುಖಜಭೂಮಿಯ ಪಶ್ಚಿಮಕ್ಕೆ ನಾಲ್ಕು ಸೀಮೆಗಳು. ಶಿನ್‌ಹ್ವೇ, ತಾಯ್‌ಶಾನ್, ಕಾಯ್‌ಪಿಂಗ್, ಎನ್‌ಪಿಂಗ್. ಗುಡ್ಡಗಾಡು, ಕಡಿಮೆ ಗದ್ದೆ, ಜಾಸ್ತಿ ಬಾಯಿ, ಪಕ್ಕದಲ್ಲೇ ಕಡಲು. ಉಡುಪಿ, ದಕ್ಷಿಣ ಕನ್ನಡದವರಿಗೆ ಮುಂದಿನದು ಹೇಳಬೇಕೇ? ಗಂಡುಮಕ್ಕಳು ಹಡಗು ಹತ್ತಿದರು!

ಎಲ್ಲಿಗೆ ಹೋದರು? ಎಲ್ಲಿಗೆ ಹೋಗಲಿಲ್ಲ ಎಂದು ಕೇಳಿ!

ಅಮೆರಿಕವನ್ನು ಈ ಕರಾವಳಿಯಿಂದ ಆ ಕರಾವಳಿಗೆ ಹೊಲಿದ ರೈಲುದಾರಿ 1869ರಲ್ಲಿ ಪೂರ್ತಿಯಾಯಿತಲ್ಲ, ಅದರ ಪಶ್ಚಿಮ ಭಾಗದಲ್ಲಿ ಹಿಮದ ಬೆಟ್ಟ ಕೊರೆದ ಚೀನೀ ಕೂಲಿಗಳು 10,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಈ ನಾಲ್ಕು ಸೀಮೆಯವರು! ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿತೆಂದಾಗ ಅಲ್ಲಿಗೂ ಇವರೇ ಓಡಿದರು. ಮೆಲ್ಬರ್ನಿನ ದಕ್ಷಿಣ ಭಾಗದಲ್ಲಿ 1866ರ ಒಂದು ಕಟ್ಟಡ ಇವತ್ತಿಗೂ ನಿಂತಿದೆ. ಹೆಸರು ಸೀ ಯುಪ್ ಗುಡಿ. ದೇವರು ಕ್ವಾನ್ ಕುಂಗ್. ಸಿಡ್ನಿಯ ಗ್ಲೀಬ್‌ನಲ್ಲಿ 1898ರ ಇನ್ನೊಂದು. ಹೆಸರು ಅದೇ, ದೇವರೂ ಅವನೇ. ಕೋಲ್ಕತ್ತಾದ ಟಿರೆಟ್ಟಾ ಬಜಾರಿನಲ್ಲಿ 1905ರ ಸೀ ಇಪ್ ಚರ್ಚ್. ಅಲ್ಲಿಯವರು ಚೀನೀ ಗುಡಿಗಳನ್ನೆಲ್ಲ ಚರ್ಚ್ ಎಂದೇ ಕರೆಯುತ್ತಾರೆ!

ಆ ಸರಮಾಲೆಯ ಒಂದು ಮಣಿ ನಮ್ಮ ಡಾಕ್‌ಯಾರ್ಡ್ ರೋಡಿನಲ್ಲಿದೆ. ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತ ಬಂದ ನಾವಿಕರು, ಬಡಗಿಗಳು, ಬಂದರಿಗಿಳಿದು ಉಳಿದುಕೊಂಡವರು ಕಟ್ಟಿದ ಮನೆ.

ಹೊರದೇಶಕ್ಕೆ ಹೋದವರ ದುಡ್ಡು ಎಲ್ಲಿಗೆ ಹೋಯಿತು? ಇದು ನನ್ನ ಅಚ್ಚುಮೆಚ್ಚಿನ ಭಾಗ. ಊರಿಗೆ ಹೋಯಿತು! ಕಾಯ್‌ಪಿಂಗಿನ ಗದ್ದೆಗಳ ನಡುವೆ ಅವರು ಗೋಪುರಗಳನ್ನು ಎಬ್ಬಿಸಿದರು. ದರೋಡೆಕೋರರು ಬಂದರೆ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಲು, ನೆರೆ ಬಂದರೆ ಮೇಲೇರಿ ಕೂರಲು. ಆದರೆ ಬರೀ ಕೋಟೆ ಕಟ್ಟಿದರೇ? ಪರದೇಶದಲ್ಲಿ ಕಂಡದ್ದನ್ನೆಲ್ಲ ಮೇಲೇರಿಸಿದರು! ರೋಮನ್ ಕಂಬ, ಗುಮ್ಮಟ, ಕಮಾನು, ಬಾಲ್ಕನಿ! ಸುತ್ತ ಭತ್ತದ ಗದ್ದೆ, ಎಮ್ಮೆ, ನಡುವೆ ಯುರೋಪಿನ ಅರಮನೆಯ ತಲೆ! ಚಿನ್‌ಚಿಯಾಂಗ್‌ಲಿ ಎಂಬ ಹಳ್ಳಿಯ ಒಂದು ಗೋಪುರಕ್ಕೆ ಒಂಬತ್ತು ಅಂತಸ್ತು.

ಇಂಥ ಗೋಪುರಗಳು ಇವತ್ತು ಎಷ್ಟು ಉಳಿದಿರಬಹುದು? ಒಂದು ಸಂಖ್ಯೆ ಹೇಳಿ. ಹತ್ತು? ಐವತ್ತು? ನೂರು?

1,833!

ಯುನೆಸ್ಕೋ 2007ರಲ್ಲಿ ಇವುಗಳಲ್ಲಿ ಕೆಲವಕ್ಕೆ ವಿಶ್ವ ಪರಂಪರೆಯ ಪಟ್ಟ ಕೊಟ್ಟಿತು. ಕಳವಾ, ಡೊಂಬಿವಲಿಯ ಹೊಟೇಲಿನಲ್ಲಿ ದುಡಿದ ದುಡ್ಡು ಊರಿನ ಬ್ರಹ್ಮಕಲಶಕ್ಕೆ, ತರವಾಡು ಮನೆಯ ಮಾಡಿಗೆ, ಶಾಲೆಯ ಕೋಣೆಗೆ ಹೋಗುವುದನ್ನು ಕಂಡವರು ನಾವು. ಮಝಗಾಂವಿನ ಆ ಕೋಣೆಯಲ್ಲಿ ಊದುಬತ್ತಿ ಹಚ್ಚಿದವರ ಬಂಧುಗಳೇ ಆ ಗೋಪುರಗಳ ಊರಿನವರು!

ಈಗ ಮನೆಯ ಕಟ್ಟೋಣಕ್ಕೆ ಬನ್ನಿ. ಮುಂಬಯಿಯ ಮನೆ ಹೊರಗಿನಿಂದ ಮೌನಿ. ಚೀನೀಯರ ಕುಲದ ಮನೆ ಬಾಯಿಬಿಟ್ಟು ಹಾಡುವುದನ್ನು ನೋಡಬೇಕಾದರೆ ಮಲೇಶಿಯಾದ ಪೆನಾಂಗ್‌ಗೆ ಹೋಗಬೇಕು. ಜಾರ್ಜ್‌ಟೌನಿನ ಖೂ ಕಾಂಗ್‌ಸಿ! ಖೂ ಎಂಬ ಒಂದೇ ಮನೆತನದವರ ಮನೆ. ಫೂಜಿಯಾನ್ ಪ್ರಾಂತ್ಯದ ಒಂದು ಹಳ್ಳಿಯಿಂದ ಬಂದವರು.

ಈ ಮನೆಯ ಮಾಡಿನ ಏಣು ಪೂರ್ತಿ ಡ್ರ್ಯಾಗನ್ನು, ಹಕ್ಕಿ, ಹೂವು, ಯೋಧರು. ಬಣ್ಣ ಮಾಸಿಲ್ಲ. ಯಾವ ಬಣ್ಣ ಅದು? ಬಣ್ಣವೇ ಅಲ್ಲ! ಪಿಂಗಾಣಿ ಬಟ್ಟಲುಗಳು! ಬಣ್ಣಬಣ್ಣದ ಬಟ್ಟಲನ್ನು ಬೇಕೆಂದೇ ಒಡೆದು, ಚೂರನ್ನು ಇಕ್ಕಳದಿಂದ ಕತ್ತರಿಸಿ, ಒಂದೊಂದೇ ಚೂರನ್ನು ಗಾರೆಗೆ ಅಂಟಿಸಿ ಡ್ರ್ಯಾಗನ್ನಿನ ಒಂದೊಂದೇ ಹುರುಪೆ ಮಾಡಿದ್ದಾರೆ. ಉಪ್ಪುಗಾಳಿ, ಬಿಸಿಲು, ಮಳೆ ಯಾವುದೂ ಮುಟ್ಟುವುದಿಲ್ಲ.

ಬಾಗಿಲ ಕಾವಲಿಗೆ ಕಲ್ಲಿನ ಕಾವಲುಗಾರರು ನಿಂತಿದ್ದಾರೆ. ಯಾರೆಂದು ಊಹಿಸಿ. ಚೀನೀ ಯೋಧರೇ? ಸಿಂಹಗಳೇ? ಅಲ್ಲವೇ ಅಲ್ಲ.

ಸರ್ದಾರ್ಜಿಗಳು! ಪೇಟ ಸುತ್ತಿದ, ಗಡ್ಡ ಬಿಟ್ಟ ಸಿಖ್ಖರು! ಆ ಕಾಲದ ಪೆನಾಂಗ್‌ನಲ್ಲಿ ದೊಡ್ಡ ಮನೆ ಎಂದರೆ ಬಾಗಿಲಲ್ಲಿ ಸಿಖ್ ಕಾವಲುಗಾರ. ಹಾಗಾಗಿ ಚೀನೀ ಶಿಲ್ಪಿ ಅವನನ್ನೇ ಕಡೆದು ನಿಲ್ಲಿಸಿದ. ಚೀನೀ ಕುಲದ ಮನೆಯ ಹೊಸಿಲಲ್ಲಿ ಪಂಜಾಬ್!

ಇದಕ್ಕೆ ಮುಂಚಿನ ಮನೆ ಇನ್ನೂ ದೊಡ್ಡದಿತ್ತಂತೆ. 1901ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಊರ ಜನ ಹೇಳಿದ್ದೇನು? ಅದು ಚಕ್ರವರ್ತಿಯ ಅರಮನೆಯನ್ನು ಹೋಲುವಷ್ಟು ಭವ್ಯವಾಗಿತ್ತು, ಅದಕ್ಕೇ ದೇವರು ಸಿಟ್ಟಾದರು! ಹೊಸ ಮನೆಯನ್ನು ಸ್ವಲ್ಪ ಸಣ್ಣದು ಮಾಡಿ 1906ರಲ್ಲಿ ಮುಗಿಸಿದರು. ಆ ಸಣ್ಣ ಮನೆಯೇ ಇಂದು ನೋಡಿದವರ ಕಣ್ಣು ಕುಕ್ಕಿಸುವಂಥದು!

ಇಂಥ ಮನೆಗಳ ಮರಗೆಲಸವನ್ನು ನೋಡಬೇಕಾದರೆ ತಲೆ ಎತ್ತಬೇಕು. ಕಂಬದ ತಲೆಯಿಂದ ತೊಲೆಗೆ ಹೋಗುವ ಜಾಗದಲ್ಲಿ ಮರದ ತುಂಡುಗಳು ಒಂದರೊಳಗೊಂದು ಕೂತು, ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಚಾಚಿ, ಅಷ್ಟು ಭಾರದ ಹೆಂಚನ್ನು ಎತ್ತಿ ಹಿಡಿದಿರುತ್ತವೆ. ಮೊಳೆ ಇಲ್ಲ! ಭಾರವೆಲ್ಲ ಕಂಬದ್ದು, ಗೋಡೆ ಬರೀ ಮರೆ. ಗೋಡೆ ಬಿದ್ದರೂ ಮನೆ ನಿಲ್ಲುತ್ತದೆ ಎನ್ನುವುದು ಅಲ್ಲಿಯವರ ಹಳೆಯ ಮಾತು. ಭೂಕಂಪವಾದರೆ ಕೀಲುಗಳು ಅಲುಗುತ್ತವೆ, ಮುರಿಯುವುದಿಲ್ಲ. ಯಾವ ತೊಲೆಗೆ ಎಷ್ಟು ದಪ್ಪ, ಯಾವ ದರ್ಜೆಯ ಕಟ್ಟಡಕ್ಕೆ ಯಾವ ಅಳತೆಯ ಮರ ಎಂದು ಚೀನಾದ ಸರಕಾರ ಪುಸ್ತಕ ಅಚ್ಚು ಹಾಕಿಸಿದ್ದು ಯಾವಾಗ ಗೊತ್ತೇ? 1103ರಲ್ಲಿ! ನಮ್ಮ ಇಟಗಿಯ ಮಹಾದೇವ ದೇವಾಲಯ ಎದ್ದು ನಿಂತದ್ದು 1112ರಲ್ಲಿ. ಅಲ್ಲಿ ಬಡಗಿ ಮರದ ಲೆಕ್ಕ ಹಾಕುತ್ತಿದ್ದಾಗ ಇಲ್ಲಿ ಶಿಲ್ಪಿ ಬಳಪದ ಕಲ್ಲಿಗೆ ಉಳಿ ಮಸೆಯುತ್ತಿದ್ದ!

ನಡುವೆ ತೆರೆದ ಅಂಗಳ. ನಾಲ್ಕೂ ಕಡೆಯ ಮಾಡಿನ ನೀರು ಅದರೊಳಗೇ ಇಳಿಯಬೇಕು. ನೀರೆಂದರೆ ಸಂಪತ್ತು, ಮನೆಯ ಸಂಪತ್ತು ಹೊರಗೆ ಹರಿದು ಹೋಗಬಾರದು. ಬೆಳಕು ಅಲ್ಲಿಂದ, ಗಾಳಿ ಅಲ್ಲಿಂದ, ಮಳೆ ಅಲ್ಲಿಂದ. ತೊಟ್ಟಿಮನೆ! ಅಪ್ಪಟ ತೊಟ್ಟಿಮನೆ!

ಹೊಸಿಲು ಎತ್ತರ. ತುಳಿಯಬಾರದು, ದಾಟಬೇಕು. ಹೊಸಿಲ ಮೇಲೆ ಕೂತಾಗ ಅಜ್ಜಿಯಿಂದ ಬೈಸಿಕೊಂಡವರೆಲ್ಲ ಈಗ ಕೈ ಎತ್ತಿ!

ಇನ್ನು ಕೊಡಗಿನವರು ನನ್ನ ಮೇಲೆ ಮುನಿಸಿಕೊಳ್ಳುವ ಮೊದಲೇ ಐನ್‌ಮನೆಯ ಮಾತು ಎತ್ತುತ್ತೇನೆ. ಒಂದು ಒಕ್ಕ, ಒಂದು ಐನ್‌ಮನೆ. ಮೂಲಪುರುಷನಿಂದ ಇಳಿದ ಎಲ್ಲರಿಗೂ ಸೇರಿದ ಮನೆ. ಯಾರೊಬ್ಬರದೂ ಅಲ್ಲ, ಎಲ್ಲರದು! ಹಳೆಯ ದೊಡ್ಡ ಐನ್‌ಮನೆಗಳಲ್ಲಿ ಅದೇ ತೆರೆದ ಅಂಗಳ, ಕೆತ್ತಿದ ಕಂಬಗಳು, ಜಗಲಿಯ ಕಂಬಗಳ ನಡುವೆ ಕೂರಲು ಅಗಲದ ಮರದ ಹಲಗೆ ಐಮರ. ಮನೆಯೆದುರು ಗುರುಕಾರಣರಿಗೆ ಕೈಮಡ. ಬೆಂಗಳೂರಿನಲ್ಲಿರಲಿ, ದುಬಾಯಿಯಲ್ಲಿರಲಿ, ಪುತ್ತರಿಗೆ ಅಲ್ಲಿ ಸೇರಲೇಬೇಕು. ಪೆನಾಂಗ್‌ನ ಖೂ ಮನೆಗೂ ಕೊಡಗಿನ ಐನ್‌ಮನೆಗೂ ಒಬ್ಬ ಬಡಗಿಯಿಲ್ಲ, ಒಂದು ಭಾಷೆಯಿಲ್ಲ. ಆದರೂ ಹಿರಿಯರನ್ನು ನಡುವೆ ಕೂರಿಸಿ, ಅಂಗಳ ತೆರೆದಿಟ್ಟು, ಮಕ್ಕಳನ್ನು ವರ್ಷಕ್ಕೊಮ್ಮೆ ಕರೆಸಿಕೊಳ್ಳುವ ಲೆಕ್ಕ ಎರಡಕ್ಕೂ ಒಂದೇ! ನನಗೆ ಇದಕ್ಕಿಂತ ದೊಡ್ಡ ವಾಸ್ತುಶಾಸ್ತ್ರ ಕಾಣುವುದಿಲ್ಲ.

ಆದರೆ ಮಝಗಾಂವಿನ ಮನೆ ಒಂದೇ ಕುಲದ್ದಲ್ಲ ಎಂಬುದನ್ನು ಗಮನಿಸಿ. ಕುಲ ಬೇರೆ ಬೇರೆ, ಸೀಮೆ ಮಾತ್ರ ತಮ್ಮದು. ಕಡಲು ದಾಟಿದ ಮೇಲೆ ಊರವನೇ ಬಂಧು!

ಈ ಉಪಾಯ ಅವರೊಬ್ಬರದೇ? ಅಲ್ಲ ಕಣ್ರೀ! ಅದೇ ಮುಂಬಯಿಯಲ್ಲಿ ಗೋವಾದ ಹಡಗು ಕೆಲಸದವರ ಕೂಡ್‌ಗಳಿವೆ. ಒಂದೊಂದು ಹಳ್ಳಿಯವರಿಗೆ ಒಂದೊಂದು ಕೂಡ್. ಗೋಡೆಯುದ್ದಕ್ಕೂ ಟ್ರಂಕು, ಒಂದು ಮೂಲೆಯಲ್ಲಿ ಊರಿನ ಸಂತನ ಪೀಠ, ಸಂಜೆ ಎಲ್ಲರೂ ಸೇರಿ ಪ್ರಾರ್ಥನೆ. ಹಡಗು ಸಿಗುವ ತನಕ ಅಲ್ಲೇ ವಾಸ.

ನಮ್ಮವರು? ನಮ್ಮ ಕಡಲ ಮಕ್ಕಳು ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದು ಯಾವಾಗ ಹೇಳಿ ನೋಡೋಣ.

1902ರಲ್ಲಿ! ಚೀನೀಯರ ಮನೆಗಿಂತ 17 ವರ್ಷ ಮೊದಲೇ! ಬಂಟರ ಸಂಘ 1927ರಲ್ಲಿ. ಒಂದು ಬಂದರು, ಮೂರು ಕರಾವಳಿಯ ಜನ, ಎಲ್ಲರೂ ಹೂಡಿದ ಉಪಾಯ ಒಂದೇ. ನನ್ನ ಮಟ್ಟಿಗೆ ಮುಂಬಯಿಯನ್ನು ಕಟ್ಟಿದ್ದು ಗಿರಣಿಯ ಚಿಮಣಿಗಳಷ್ಟೇ ಅಲ್ಲ, ಊರವರಿಗೆ ಚಾಪೆ ಹಾಸಿಕೊಟ್ಟ ಈ ಕೋಣೆಗಳೂ ಹೌದು.

ನಡುವೆ ಒಂದು ಹಡಗಿನ ಕತೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

1813ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಿಗರು ತೇಗದ ಮರದಲ್ಲಿ ಒಂದು ಯುದ್ಧನೌಕೆ ಕಟ್ಟಿದರು. 74 ತೋಪುಗಳ ನೌಕೆ. ಹೆಸರು ಕಾರ್ನ್‌ವಾಲಿಸ್. 29 ವರ್ಷವಾದ ಮೇಲೆ, 1842ರ ಆಗಸ್ಟ್ 29ರಂದು ಅದು ಎಲ್ಲಿತ್ತು? ಚೀನಾದ ನಾನ್‌ಜಿಂಗ್ ಎದುರು, ಯಾಂಗ್‌ಟ್ಸಿ ನದಿಯಲ್ಲಿ! ಅಫೀಮು ಯುದ್ಧದಲ್ಲಿ ಸೋತ ಚೀನಾ ಸಂಧಿಪತ್ರಕ್ಕೆ ಸಹಿ ಹಾಕಿದ್ದು ಈ ಹಡಗಿನ ಮೇಲೆ! ಹಾಂಗ್‌ಕಾಂಗ್ ಬ್ರಿಟಿಷರಿಗೆ ಹೋಯಿತು. ಐದು ಬಂದರುಗಳು ತೆರೆದವು. ನಾಲ್ಕು ಸೀಮೆಯ ಲಕ್ಷಾಂತರ ಜನ ಲೋಕಕ್ಕೆ ಹೊರಟದ್ದು ಆ ಬಾಗಿಲಿನಿಂದಲೇ. ಅಂದರೆ ಚೀನೀಯರು ಹೊರಡುವ ಕಡಲ ಬಾಗಿಲು ತೆರೆದದ್ದು ಮುಂಬಯಿ ಮರದ ಹಡಗಿನ ಮೇಲೆ, ಬಂದು ಸೇರಿದವರಲ್ಲಿ ಕೆಲವರು ಮನೆ ಕಟ್ಟಿದ್ದು ಮುಂಬಯಿಯ ಹಡಗುಕಟ್ಟೆಗಳ ಬೆನ್ನಿಗೆ!

ಆ ತೇಗ ಎಷ್ಟು ಗಟ್ಟಿಯಿತ್ತು ಗೊತ್ತೇ? ಹಡಗನ್ನು ಕೊನೆಗೆ ಒಡೆದದ್ದು 1957ರಲ್ಲಿ. 144 ವರ್ಷ!

ಐದೇ ವರ್ಷ ಕಳೆಯಿತು, 1962 ಬಂತು. ಭಾರತ, ಚೀನಾ ನಡುವೆ ಯುದ್ಧ. ಭಾರತದಲ್ಲಿ ನೆಲೆಸಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿ ಶಿಬಿರಕ್ಕೆ ಒಯ್ದರು. ಮಕ್ಕಳು, ಮುದುಕರು ಎಲ್ಲ. ಎಷ್ಟೋ ಮಂದಿ ದೇಶವನ್ನೇ ಬಿಟ್ಟರು. ಇದನ್ನು ಓದುವಾಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಅಷ್ಟಾದರೂ ಮಝಗಾಂವಿನ ಮನೆಯ ಬಾಗಿಲು ಉಳಿಯಿತು! ಚೀನೀ ಹೊಸ ವರ್ಷ ಬಂದಾಗ ಉಳಿದ ಕುಟುಂಬಗಳು ಇಂದಿಗೂ ಅಲ್ಲಿ ಸೇರುತ್ತವೆ.

ಮುಗಿಯಿತು ಅಂದುಕೊಂಡಿರಾ? ನಾನು ಎಲ್ಲಕ್ಕಿಂತ ದೊಡ್ಡದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ!

ಆ ಮನೆಯಲ್ಲಿ ಕ್ವಾನ್ ಕುಂಗನ ಜೊತೆ ಇನ್ನೊಬ್ಬ ದೇವತೆಯಿದ್ದಾಳೆ. ಕ್ವಾನ್ ಯಿನ್. ಕರುಣೆಯ ತಾಯಿ. ಕಡಲಲ್ಲಿ ಸಿಕ್ಕಿಬಿದ್ದವರು ಕೂಗಿದರೆ ಕೇಳಿಸಿಕೊಳ್ಳುವವಳು. ಚೀನಾದ ಮನೆಮನೆಯ ದೇವಿ.

ಅವಳ ತವರೂರು ಯಾವುದು?

ನಿಧಾನವಾಗಿ ಯೋಚಿಸಿ. ಚೀನಾ ಅಲ್ಲ!

ಅವಳು ನಮ್ಮ ಅವಲೋಕಿತೇಶ್ವರ! ಭಾರತದ ಬೋಧಿಸತ್ವ. ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋದ. 406ರಲ್ಲಿ ಕುಮಾರಜೀವ ಸದ್ಧರ್ಮಪುಂಡರೀಕವನ್ನು ಚೀನೀ ಭಾಷೆಗೆ ತಂದ ಮೇಲೆ ಅಲ್ಲಿ ಅವನ ಹೆಸರು ಹಬ್ಬಿತು. ಹೋದದ್ದು ಗಂಡಾಗಿ. ಶತಮಾನಗಳು ಕಳೆದಂತೆ ಅಲ್ಲಿ ಹೆಣ್ಣಾದ! ತಾಯಿಯಾದ!

ಈಗ ಮಂಗಳೂರಿನವರು ಕಿವಿ ನಿಮಿರಿಸಿ. ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋಗಿದ್ದೀರಿ ತಾನೇ? ಅಲ್ಲಿನ ಕಂಚಿನ ಲೋಕೇಶ್ವರನನ್ನು ನೋಡಿದ್ದೀರಾ? ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ್ದೆಂದು ಪೀಠದಲ್ಲೇ ಶಾಸನವಿದೆ. ಅವಲೋಕಿತೇಶ್ವರನ ಇನ್ನೊಂದು ಹೆಸರೇ ಲೋಕೇಶ್ವರ! ಆ ಮೂರ್ತಿಯ ಬಗ್ಗೆ ವಿದ್ವಾಂಸರು ಇನ್ನೂ ಜಗಳ ಆಡುತ್ತಿರುತ್ತಾರೆ, ಅದರಲ್ಲಿ ಶಿವನೂ ಸೇರಿದ್ದಾನೆ ಎನ್ನುವವರಿದ್ದಾರೆ. ಆಡಲಿ. ಕದ್ರಿಯಲ್ಲಿ ಕಂಚು ಕರಗಿಸಿ ಅವನನ್ನು ಗಂಡುರೂಪದಲ್ಲಿ ಎರಕ ಹೊಯ್ಯುತ್ತಿದ್ದ ಕಾಲದಲ್ಲೇ ಕಡಲಾಚೆ ಅವನು ಮೆಲ್ಲಗೆ ಹೆಣ್ಣಾಗುತ್ತಿದ್ದ!

ಇದನ್ನು ಹೇಳಿದಾಗ ಮುಲ್ಕಿಯ ಅಕ್ಕ ಕ್ವಾನ್ ಯಿನ್ ಕಡೆ ತಿರುಗಿ ಕೈಮುಗಿದರು. "ಹಾಗಾದರೆ ಇವಳು ನಮ್ಮವಳೇ" ಎಂದರು.

ನಮ್ಮವಳು ಎಂದರೆ ಎಷ್ಟು ಹತ್ತಿರದವಳು? ಮಂಗಳೂರಿನ ತನಕ ಹೋಗಬೇಕಾಗಿಯೇ ಇಲ್ಲ!

ಕಳವಾದಿಂದ ಖಾಡಿಯಾಚೆ ನೋಡಿ. ಥಾಣೆ ಊರಿನ ಹಿಂದೆ ಹಸುರು ಬೆಟ್ಟ, ಯೇವೂರ್. ಆ ಕಾಡಿನ ಇನ್ನೊಂದು ಮಗ್ಗುಲಲ್ಲಿ, ಬೊರಿವಲಿ ಕಡೆಗೆ, ಕನ್ಹೇರಿ. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. 41ನೆಯ ಗುಹೆಗೆ ಹೋಗಿ. ಅಲ್ಲಿ ಅವಲೋಕಿತೇಶ್ವರ ನಿಂತಿದ್ದಾನೆ. ತಲೆ ಎಷ್ಟು?

ಹನ್ನೊಂದು! ಎಣಿಸಿ ನೋಡಿ. ನಾಲ್ಕು ದಿಕ್ಕಿನ ದುಃಖವನ್ನೂ ನೋಡಲು ಒಂದು ತಲೆ ಸಾಕಾಗದೆ ಹನ್ನೊಂದು!

ಅಲ್ಲಿಂದ 90ನೆಯ ಗುಹೆಗೆ. ಇಲ್ಲಿ ಉಸಿರು ಬಿಗಿಹಿಡಿಯಿರಿ. ನಡುವೆ ಅವಲೋಕಿತೇಶ್ವರ, ಎರಡೂ ಪಕ್ಕ ಎಂಟು ಭಯಗಳು. ಬೆಂಕಿ, ಆನೆ, ಸಿಂಹ, ಹಾವು, ಕಳ್ಳರು. ಒಂದೊಂದು ಭಯದಲ್ಲೂ ಮನುಷ್ಯ ಅವನತ್ತ ಕೈಮುಗಿದಿದ್ದಾನೆ. ಆ ಎಂಟರಲ್ಲಿ ಒಂದು ಯಾವುದು ಗೊತ್ತೇ?

ಮುಳುಗುತ್ತಿರುವ ಹಡಗು!

ಮಝಗಾಂವಿನ ನಾವಿಕರು ಯಾವ ಕಷ್ಟಕ್ಕೆ ಕ್ವಾನ್ ಯಿನ್ ಹೆಸರು ಕೂಗುತ್ತಿದ್ದರೋ ಅದೇ ಕಷ್ಟವನ್ನು, ಅದೇ ದೇವರನ್ನು, ಅದೇ ಮುಂಬಯಿಯ ಬೆಟ್ಟದಲ್ಲಿ ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಯಾರೋ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ! ಅವಳು ಭಾರತದಿಂದ ಚೀನಾಕ್ಕೆ ಹೋದಳು. ರೂಪ ಬದಲಿಸಿದಳು. ಬಡ ನಾವಿಕರ ಪೆಟ್ಟಿಗೆಯಲ್ಲಿ ಕೂತು ಮತ್ತೆ ಈ ಬಂದರಿಗೆ ಬಂದಿಳಿದಳು. ತವರಿಗೆ ಬಂದಿದ್ದಾಳೆಂದು ಅವಳನ್ನು ತಂದವರಿಗೆ ಗೊತ್ತಿತ್ತೋ ಇಲ್ಲವೋ!

ಕನ್ಹೇರಿಯ ಗುಹೆಗಳಿಗೆ ದುಡ್ಡು ಕೊಟ್ಟವರು ಯಾರು? ಶಾತವಾಹನರ ಕಾಲದ ಶಾಸನಗಳಲ್ಲಿ ದಾನಿಗಳ ಊರು ಬರೆದಿದೆ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಊರು ಕಲ್ಯಾಣ್! ಹೌದು, ಅದೇ ಕಲ್ಯಾಣ್, ನಮ್ಮ ಲೋಕಲ್ ಗಾಡಿಯ ಹಣೆಯ ಮೇಲೆ ಬರೆದಿರುತ್ತದಲ್ಲ, ಅದೇ!

ಇನ್ನೊಂದೇ ಒಂದು. ಕೇಳಿ ನಿಮಗೆ ಖುಷಿಯಾಗದಿದ್ದರೆ ನನ್ನ ಹೆಸರು ಬದಲಿಸಿ. ಅದೇ ಕನ್ಹೇರಿಯ ಗೋಡೆಯ ಮೇಲೆ 9ನೇ ಶತಮಾನದ ಶಾಸನಗಳಿವೆ. ಆಗ ಈ ಕೊಂಕಣವನ್ನು ನೋಡಿಕೊಳ್ಳುತ್ತಿದ್ದವರು ಶಿಲಾಹಾರರು, ಮುಂದೆ ಥಾಣೆಯನ್ನೇ ರಾಜಧಾನಿ ಮಾಡಿಕೊಂಡವರು. ಅವರು ಸಾಮಂತರು. ಅವರ ಮೇಲಿನ ಚಕ್ರವರ್ತಿಯ ಹೆಸರು ಆ ಬಂಡೆಯಲ್ಲಿದೆ.

ಯಾರು?

ಅಮೋಘವರ್ಷ! ನಮ್ಮ ನೃಪತುಂಗ! 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ದೊರೆ! ಕಾವೇರಿಯಿಂದ ಗೋದಾವರಿಯ ತನಕ ಎಂದು ಕನ್ನಡದ ಗಡಿ ಹೇಳಿದ ಕಾಲದ ಚಕ್ರವರ್ತಿಯ ಹೆಸರು ಥಾಣೆ ಬೆಟ್ಟದ ಬೆನ್ನಿಗೆ, ಅವಲೋಕಿತೇಶ್ವರನ ನೆರೆಯಲ್ಲಿ!

ಹೊರಡುವುದಾದರೆ ಎರಡನ್ನೂ ಒಂದೇ ದಿನ ನೋಡಿ. ಬೆಳಿಗ್ಗೆ ಬೇಗ ಥಾಣೆಯಿಂದ ಬಸ್ಸು ಹಿಡಿದು ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ, ಅಲ್ಲಿಂದ ಕನ್ಹೇರಿಗೆ. ಮಧ್ಯಾಹ್ನ ಊಟ ಮುಗಿಸಿ ಡಾಕ್‌ಯಾರ್ಡ್ ರೋಡಿಗೆ. ಈ ಕ್ರಮ ತಪ್ಪಿಸಬೇಡಿ: ಮೊದಲು ಹನ್ನೊಂದು ತಲೆಯವನನ್ನು ನೋಡಿ, ಆಮೇಲೆ ಕ್ವಾನ್ ಯಿನ್ ಎದುರು ನಿಲ್ಲಬೇಕು. ಮಝಗಾಂವಿನಲ್ಲಿ ಚಪ್ಪಲಿ ಹೊರಗೆ ಬಿಡಿ, ದನಿ ತಗ್ಗಿಸಿ, ಫೋಟೋ ತೆಗೆಯುವ ಮುಂಚೆ ಕೇಳಿ. ಅದು ಜನ ಪೂಜೆ ಮಾಡುವ ಮನೆ. ಯಾವ ವಾರವಾದರೂ ಸರಿ, ಸೋಮವಾರ ಮಾತ್ರ ಬೇಡ. ಕನ್ಹೇರಿಯ ಗೇಟು ಅವತ್ತು ಮುಚ್ಚಿರುತ್ತದೆ!